ನನ್ನ ವೈರಾಗ್ಯಕ್ಕೆ ಕೈಮುಗಿದ ಡಾಕ್ಟರ ಸಾಹೇಬರಿಗೆ

ಮಾನ್ಯ ಆರೋಗ್ಯಾಧಿಕಾರಿ ಸಾಹೇಬರೇ,

ಬರುವ ಶನಿವಾರ ಮಕ್ಕಳ ದಿನದಂದು ತಾವು ಏರ್ಪಡಿಸಿರುವ ಆರೋಗ್ಯವಂತ ಶಿಶು ಸ್ಪರ್ಧೆಯ ವೇದಿಕೆಗೆ ನಾನು ಬರುವುದಿಲ್ಲ. ತಮ್ಮ ಸಿಸ್ಟರ್ ನಮ್ಮ ಮನೆಗೆ ಬಂದು, ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಚಹಾ ಕುಡಿದು, "ಸಾಹೇಬ್ರು ನಿಮ್ಮನ್ನ ಕರದ ಬಾ ಅಂದಾರ್ರಿ. ಹಿಂದ ನಿಮ್ಮ ಮಗಗ ಫಸ್ಟ್ ಪ್ರೈಜ್ ಬಂದಿತ್ತಲ್ರಿ, ಈ ಸಲದ ಬಹುಮಾನ ನಿಮ್ಮ ಕೈಲೇ ಕೊಡ್ಸೂದೈತಿ. ಹೊಸಾ ತಾಯಂದಿರಿಗೆ ಎರಡ ಮಾತೂ ಹೇಳ್ಬೇಕಂತ" ಎಂದು ಹೇಳಿ ಹೋದರು. ಎರಡು ಮಾತಿನ ವಿಷಯವನ್ನೂ ತಾವೇ ಗೊತ್ತುಮಾಡಿದ್ದೀರಂತೆ: ತಾಯ್ತನದ ಆನಂದ. ಆ ವಿಷಯಕ್ಕೆ ಎರಡು ಮಾತು ಸಾಲುವುದಿಲ್ಲ ಸಾಹೇಬರೇ. ವೇದಿಕೆಯ ಮೇಲೆ ನಾನು ಮೂರನೆಯ ಮಾತಿಗೆ ಹೋದರೆ ತಾವು ಮೈಕು ತೆಗೆದುಕೊಳ್ಳುತ್ತೀರಿ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ನನ್ನ ದೂರು ಸಣ್ಣದು. ತಮ್ಮ ಇಲಾಖೆಯ ಕಣ್ಣಿಗೆ ಹೆಂಗಸು ಬಸುರಿಯಾಗಿರುವ ತನಕ ಕಾಣುತ್ತಾಳೆ, ಹೆತ್ತ ಮೇಲೆ ಕಾಣುವುದಿಲ್ಲ. ಬಸುರಿಗೆ ಸೂಜಿ ಉಂಟು, ಗುಳಿಗೆ ಉಂಟು, ದವಾಖಾನೆಯ ಗೋಡೆಯ ಮೇಲೆ ಬಣ್ಣದ ಚಿತ್ರವೂ ಉಂಟು. ಕೂಸು ಹೊರಗೆ ಬಂತೋ, ಮುಗಿಯಿತು. ಅಲ್ಲಿಂದ ಮುಂದೆ ಹೆತ್ತವಳು ಕೂಸನ್ನು ತಕ್ಕಡಿಯ ತನಕ ಹೊತ್ತು ತರುವ ಬುಟ್ಟಿ. ಬುಟ್ಟಿಗೆ ನಿದ್ದೆ ಬರುತ್ತದೆಯೋ ಇಲ್ಲವೋ ಎಂದು ಯಾರಾದರೂ ಕೇಳುತ್ತಾರೆಯೇ? ಕೇಳಿದವರನ್ನೇ ಹುಚ್ಚರು ಅಂದಾರು.

ಹೋದ ವಾರ ನಮ್ಮ ಜುಗೂಳದಿಂದ ಮಂಗಲ ಎಂಬ ಬಾಣಂತಿಯನ್ನು ತಮ್ಮಲ್ಲಿಗೆ ಕರೆತಂದಿದ್ದರು. ಶ್ರಾವಣದಲ್ಲಿ ಹೆತ್ತವಳು. ಮಾತು ಬಿಟ್ಟಿದ್ದಾಳೆ, ಊಟ ಸೇರುತ್ತಿಲ್ಲ, ಹಿತ್ತಲ ಬಾವಿಯನ್ನು ನೋಡುತ್ತ ಕೂತುಬಿಡುತ್ತಾಳೆ ಎಂದು ಮನೆಯವರು ಹೇಳಿದರು. ತಾವು ಕೂಸನ್ನು ತೂಗಿದಿರಿ. ಕೂಸು ಒಳ್ಳೆಯ ದಷ್ಟಪುಷ್ಟವಾಗಿತ್ತು. "ಇಷ್ಟು ಚೆನ್ನಾಗಿರೋ ಮಗು ಇಟ್ಕೊಂಡು ಏನಮ್ಮ ನಿನಗೆ ಚಿಂತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟಾನಿಕ್ ಬರೆದು, ಕೂಸಿನ ಹೆಸರನ್ನು ಸ್ಪರ್ಧೆಗೆ ಸೇರಿಸಿಕೊಂಡಿರಿ. ಮೊದಲ ಬಹುಮಾನ ಅದಕ್ಕೇ ಎಂದು ಸಿಸ್ಟರ್ ಈಗಾಗಲೇ ಊರ ತುಂಬ ಹೇಳಿದ್ದಾರೆ. ಅಂದರೆ ಶನಿವಾರ ನಾನು ಬಹುಮಾನ ಕೊಡಬೇಕಾದದ್ದು ಮಂಗಲಳ ಕೈಗೆ. ಆ ಹುಡುಗಿ ಇನ್ನೊಂದು ತಿಂಗಳು ಬದುಕಿರುತ್ತಾಳೋ ಇಲ್ಲವೋ ಎಂಬ ಹೆದರಿಕೆಯಲ್ಲಿ ನಾವಿದ್ದೇವೆ, ತಾವು ಚಪ್ಪಾಳೆಗೆ ಕರೆಯುತ್ತಿದ್ದೀರಿ. ಅವಳ ಹೆಸರನ್ನು ಅವಳನ್ನು ಕೇಳಿಯೇ ಬರೆದಿದ್ದೇನೆ. ಬರೆಯಲೇ ಎಂದಾಗ ಬಹಳ ಹೊತ್ತು ಗೋಡೆ ನೋಡಿ, "ಬರಿ" ಎಂದಳು. ಈ ತಿಂಗಳಲ್ಲಿ ಅವಳು ಕೊಟ್ಟ ಅತಿ ಸ್ಪಷ್ಟವಾದ ಉತ್ತರ ಅದು.

ಇಷ್ಟು ಖಾತ್ರಿಯಿಂದ ಹೇಳಲು ನೀನು ಯಾವ ಡಾಕ್ಟರು ಎಂದು ತಾವು ಕೇಳಬಹುದು. ನಾನು ಡಾಕ್ಟರಲ್ಲ, ರೋಗಿ. ಅದೂ ತಮ್ಮದೇ ರೋಗಿ. ೧೯೮೩ರಲ್ಲಿ ತಾವು ಇನ್ನೂ ಬಡ್ತಿ ಪಡೆದಿರಲಿಲ್ಲ, ನಮ್ಮ ಭಾಗದ ಒಂದು ಸಣ್ಣ ದವಾಖಾನೆಯಲ್ಲಿ ವೈದ್ಯರಾಗಿದ್ದಿರಿ. ತಮ್ಮ ಮೇಜಿನ ಮುಂದೆ ಒಬ್ಬ ಹೆಂಗಸು ಕೂತಿದ್ದಳು, ತಾವು ಎದ್ದು ನಿಂತು ಅವಳಿಗೆ ಕೈಮುಗಿದಿರಿ. ನೆನಪಿಗೆ ಬಂತೇ? ಬರಲಿಕ್ಕಿಲ್ಲ. ಬುಟ್ಟಿಯ ಮುಖ ಯಾರು ನೆನಪಿಡುತ್ತಾರೆ.

ನನ್ನ ತವರು ಅಲಖನೂರ. ನನ್ನವ್ವ ನಾನು ಸಣ್ಣವಳಿದ್ದಾಗಲೇ ತೀರಿಹೋದಳು. ಚೊಚ್ಚಲು ಹೆರಿಗೆಗೆ ತವರಿಗೆ ಹೋಗಬೇಕೆಂಬುದು ರೂಢಿ, ಆದರೆ ಅಪ್ಪ ಮತ್ತು ಅಣ್ಣ ಕಬ್ಬಿಗೆ ನೀರು ಹಾಯಿಸಬಲ್ಲರೇ ಹೊರತು ಬಾಣಂತಿಗೆ ನೀರು ಹಾಕಬಲ್ಲರೇ? ಹೀಗಾಗಿ ಗಂಡನ ಮನೆಯಲ್ಲೇ, ಮುಂಗಾರಿನ ಮೊದಲ ಮಳೆಗೆ, ನನ್ನ ಮಗ ಜಯಪಾಲ ಹುಟ್ಟಿದ. ನನ್ನನ್ನು ಒಳಕೋಣೆಗೆ ಹಾಕಿದರು. ಕಿಟಕಿಗೆ ಗೋಣಿತಟ್ಟು, ಮಲಗುವ ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಓಮಿನ ಹೊಗೆ, ಕಿವಿಗೆ ಬಿಗಿದು ಕಟ್ಟಿದ ಅರಿವೆ. ನಮ್ಮ ಕಡೆ ಬಾಣಂತಿಗೆ ಗಾಳಿ ಬಡಿಯಬಾರದು. ಗಾಳಿ ಎಂದರೆ ಕಿಟಕಿಯ ಗಾಳಿಯೂ ಹೌದು, ಮಂದಿಯ ಗಾಳಿಯೂ ಹೌದು, ಮಾತಿನ ಗಾಳಿಯೂ ಹೌದು. ನನ್ನ ಅತ್ತೆ ಕಾಶಿಬಾಯಿ ಕೆಟ್ಟವರಲ್ಲ. ಅವರಿಗೆ ಅವರ ಅತ್ತೆ ಮಾಡಿದ್ದನ್ನು ಒಂದೂ ಬಿಡದೆ ನನಗೆ ಮಾಡಿದರು. ಡಿಂಕಿನ ಉಂಡೆ ಕಟ್ಟಿದರು, ಅಳವಿ ಪಾಯಸ ಮಾಡಿದರು, ಬಾಗಿಲಲ್ಲಿ ಇಟ್ಟು, "ತಿನ್ನು" ಎಂದು ಹೋದರು. ನನ್ನ ಗಂಡ ಧರಣೇಂದ್ರ ಹೊಸ್ತಿಲ ಆಚೆ ನಿಂತು ಕೆಮ್ಮುತ್ತಿದ್ದರು. ಕೆಮ್ಮಿದರೆ ಹೇಗಿದ್ದೀ ಎಂದು ಕೇಳಿದ ಹಾಗೆ. ನಾನೂ ಒಳಗಿನಿಂದ ಕೆಮ್ಮುತ್ತಿದ್ದೆ, ಹೊಗೆಗೆ. ಅವರು ಅದನ್ನು ಉತ್ತರ ಎಂದು ತಿಳಿದು ಹೊಲಕ್ಕೆ ಹೋಗುತ್ತಿದ್ದರು.

ಮೊದಲು ನಿದ್ದೆ ಹೋಯಿತು. ಆಮೇಲೆ ರುಚಿ ಹೋಯಿತು. ಉಂಡೆ ತಿಂದರೆ ಮಣ್ಣು ತಿಂದ ಹಾಗೆ. ಕೂಸು ಅತ್ತರೆ ಎದೆಯಲ್ಲಿ ಹಾಲು ಬರುವ ಬದಲು ಹೆದರಿಕೆ ಬರುತ್ತಿತ್ತು. ಎತ್ತಿಕೊಂಡರೆ ಕೈಯಿಂದ ಬಿಟ್ಟುಬಿಟ್ಟೇನು ಎಂಬ ಹೆದರಿಕೆ, ಎತ್ತಿಕೊಳ್ಳದಿದ್ದರೆ ಇದೆಂಥ ತಾಯಿ ಎಂಬ ನಾಚಿಕೆ. ಕೆಲವು ದಿನ ನಾನೇ ಅಳುತ್ತಿದ್ದೆ. ಆಮೇಲೆ ಅಳುವೂ ನಿಂತಿತು. ಅದು ನಿಂತದ್ದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಈಗ ತಿಳಿಯುತ್ತದೆ, ಆಗ ಮನೆಯವರಿಗೆಲ್ಲ ಸಮಾಧಾನವಾಯಿತು. ಬಳೆ ಚುಚ್ಚುತ್ತವೆ ಎಂದು ತೆಗೆದಿಟ್ಟೆ. ತಲೆ ಹಿಕ್ಕುವುದನ್ನು ಬಿಟ್ಟೆ. ಹಾಲೂ ಕಡಿಮೆಯಾಯಿತು. ಕೂಸು ಹಸಿವಿನಿಂದ ಹೊಯ್ಕೊಳ್ಳುವುದನ್ನು ಕೇಳಲಾರದೆ ಅತ್ತೆ ಒಂದು ದಿನ ಅದನ್ನು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಬೇಗಂಬಿಯ ಕೈಗೆ ಕೊಟ್ಟರು. ಬೇಗಂಬಿ ನನ್ನ ವಾರಗೆಯವಳು, ನನಗಿಂತ ಮುಂಚೆ ಹೆತ್ತು ಮಗಳಿಗೆ ಹಾಲೂಡುತ್ತಿದ್ದಳು. ನನ್ನ ಮಗನನ್ನೂ ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ಮುಂಬಾಗಿಲಲ್ಲಿ ಮಡಿ, ಮೈಲಿಗೆ, ಜಾತಿ, ಮತ ಎಲ್ಲ ಬಿಗಿಯಾಗಿದ್ದ ನಮ್ಮ ಮನೆಯ ಹಿತ್ತಲ ಬಾಗಿಲು ದಿನಾಲೂ ತೆರೆಯಿತು. ಯಾರೂ ಆ ಮಾತನ್ನು ಆಡಲಿಲ್ಲ.

ಇಷ್ಟಾಗುವಾಗ ತವನಪ್ಪನವರು ಬಂದರು. ತವನಪ್ಪನವರು ನಮ್ಮ ಅತ್ತೆಯ ಕಡೆಯ ಹಿರಿಯರು. ಸಂಜೆ ಬಸದಿಯಲ್ಲಿ ಶಾಸ್ತ್ರ ಓದಿ ಅರ್ಥ ಹೇಳುವವರು. ಬಾಣಂತಿಯ ಕೋಣೆಯ ಹೊರಗೆ ನಿಂತು, "ಹೆಂಗ ಅದಿ ತಂಗಿ, ಕೂಸ ಹೆಂಗೈತಿ?" ಎಂದು ಕೇಳಿದರು. ನಾನು ತೊಟ್ಟಿಲ ಕಡೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ:

"ಅದು ನಂದಲ್ರಿ."

"ಏನಂದಿ?"

"ಕೂಸು ನಂದಲ್ಲ. ಈ ಮೈನೂ ನಂದಲ್ಲ. ಯಾವದೂ ನಂದ ಅನಸವಲ್ದು."

ಬೇರೆ ಊರಿನಲ್ಲಿ, ಬೇರೆ ಮಂದಿಯ ಮನೆಯಲ್ಲಿ, ಈ ಮಾತಿಗೆ ದೆವ್ವ ಬಿಡಿಸುವವನನ್ನು ಕರೆಸುತ್ತಿದ್ದರು. ಬೇವಿನ ತೊಪ್ಪಲಿನಿಂದ ಹೊಡೆಸುತ್ತಿದ್ದರು. ನನಗೆ ಆ ಭಾಗ್ಯವಿರಲಿಲ್ಲ. ತವನಪ್ಪನವರ ಕಣ್ಣಲ್ಲಿ ನೀರು ಬಂತು. ದೇಹ ಬೇರೆ, ಆತ್ಮ ಬೇರೆ, ಮಕ್ಕಳು ಮರಿ ಯಾರೂ ನಮ್ಮವರಲ್ಲ ಎಂಬುದನ್ನು ನಮ್ಮ ಜೈನ ಶಾಸ್ತ್ರದಲ್ಲಿ ಅನ್ಯತ್ವ ಭಾವನೆ ಎನ್ನುತ್ತಾರೆ. ದೊಡ್ಡ ದೊಡ್ಡ ಸಾಧಕರು ವರ್ಷಗಟ್ಟಲೆ ಚಿಂತನೆ ಮಾಡಿ ಅಲ್ಲಿಗೆ ಮುಟ್ಟುತ್ತಾರೆ. ಕಾಶಿಬಾಯಿಯ ಸೊಸೆ ಹೊರಸಿನ ಮೇಲೆ ಕೂತಲ್ಲೇ ಮುಟ್ಟಿದ್ದಳು. "ಕಾಶೀ, ನಿನ್ನ ಮನ್ಯಾಗ ರತ್ನ ಐತಿ ನೋಡ. ನೀ ಗುರುತಾ ಹಿಡೀಲಿಲ್ಲ" ಎಂದರು. ಅತ್ತೆ ಗಾಬರಿಯಾದರು, ಅರ್ಧ ಹೆದರಿಕೆಗೆ, ಅರ್ಧ ಹೆಮ್ಮೆಗೆ.

ಒಮ್ಮೆ ವೈರಾಗ್ಯ ಎಂದು ಹೆಸರಿಟ್ಟ ಮೇಲೆ ಸಾಕ್ಷಿಗೆ ಏನು ಬರ. ಸಂಜೆಯಾದ ಮೇಲೆ ನಾನು ತಾಟು ಮುಟ್ಟುವುದಿಲ್ಲ, ರಾತ್ರಿಭೋಜನ ತ್ಯಾಗ. ಹಗಲೂ ಮುಟ್ಟುವುದಿಲ್ಲ, ಉಪವಾಸ. ಮಾತಾಡುವುದಿಲ್ಲ, ಮೌನವ್ರತ. ಬಳೆ ತೆಗೆದಿದ್ದಾಳೆ, ಆಭರಣ ತ್ಯಾಗ. ಹೆತ್ತವರಿಗೆ ಕೂದಲು ಉದುರುತ್ತದೆ, ತಾವು ಓದಿದ ಪುಸ್ತಕದಲ್ಲೂ ಇದ್ದೀತು. ಸಿಕ್ಕುಗಟ್ಟಿದ ಕೂದಲಿಗೆ ನಾನು ಒಂದು ದಿನ ಬೆರಳು ಹಾಕಿ ಎಳೆದರೆ ಮುಷ್ಟಿ ಮುಷ್ಟಿ ಕೈಗೆ ಬಂತು. ದೀಕ್ಷೆ ಪಡೆಯುವವರು ಕೈಯಿಂದಲೇ ಕೂದಲು ಕಿತ್ತುಕೊಳ್ಳುತ್ತಾರಲ್ಲ, ಕೇಶಲೋಚ, ಅದರ ಮುನ್ಸೂಚನೆ ಎಂದು ಅದನ್ನು ಒಬ್ಬರು ಅರಿವೆಯಲ್ಲಿ ಕಟ್ಟಿ ಒಯ್ದರು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ ಸಾಹೇಬರೇ. ಮಾಡುವಷ್ಟು ಶಕ್ತಿ ಆಗ ಇರಲಿಲ್ಲ, ಈಗ ಅಗತ್ಯವಿಲ್ಲ.

ಮಂದಿ ಬರತೊಡಗಿದರು. ಬಾಣಂತಿಯನ್ನು ನೋಡಲು ಬಾರದವರೆಲ್ಲ ವೈರಾಗಿಣಿಯನ್ನು ನೋಡಲು ಬಂದರು. ಕಿಟಕಿಯ ಗೋಣಿತಟ್ಟು ತೆಗೆಸಿದರು, ಕೋಣೆ ಸಾರಿಸಿದರು, ಹೊರಸು ಹೋಗಿ ಚಾಪೆ ಬಂತು. ಹೊಸ್ತಿಲಲ್ಲಿ ತೆಂಗಿನಕಾಯಿ ಇಟ್ಟು, ನಮಸ್ಕಾರ ಮಾಡಿ, ಹಿಂದೆ ಹಿಂದೆ ಸರಿದು ಹೋಗುತ್ತಿದ್ದರು. ಒಬ್ಬರೂ ಒಳಗೆ ಬಂದು ಕೂರಲಿಲ್ಲ. ನನ್ನ ಮಗ್ಗುಲಿಗೆ ಒಂದು ಮೈ ಬಂದು ಕೂತರೆ ಸಾಕಿತ್ತು. ದೇವರ ಪಕ್ಕದಲ್ಲಿ ಯಾರು ಕೂರುತ್ತಾರೆ? ಇಡೀ ಊರು ನನ್ನ ಬಾಗಿಲಲ್ಲಿತ್ತು, ಅಷ್ಟು ಒಂಟಿಯಾಗಿ ನಾನು ಜನ್ಮದಲ್ಲಿ ಇದ್ದಿಲ್ಲ. ಬೇಗಂಬಿ ಒಬ್ಬಳೇ ಹಿತ್ತಲಿನಿಂದ ಇಣುಕಿ, "ಏನ್ ಬೇ, ಸ್ವಾಮಿನಿ ಆಗಾಕ ಹೊಂಟಿಯಂತ. ಮೊದಲ ತಲಿ ಹಿಕ್ಕೊ, ಹೇನ ಬಿದ್ದಾವು. ಹೇನಿಗೇನ ಮೋಕ್ಷ ಕೊಡ್ತಿ?" ಎನ್ನುತ್ತಿದ್ದಳು. ನನಗೆ ನಗು ಬರಲಿಲ್ಲ. ಆದರೆ ಅವಳು ಹೋದ ಮೇಲೆ ಅವಳು ಇರಬೇಕಿತ್ತು ಅನಿಸುತ್ತಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಇಲ್ಲವಾದರೆ ನಾಳೆ ತಾವು ಇದನ್ನೇ ಹಿಡಿದುಕೊಂಡು ಕೂರುತ್ತೀರಿ. ನಾನು ಧರ್ಮವನ್ನು ಆಡಿಕೊಳ್ಳುತ್ತಿಲ್ಲ. ವೈರಾಗ್ಯ ದೊಡ್ಡದು, ಅದಕ್ಕೆ ನಾನೂ ಕೈಮುಗಿಯುವವಳೇ. ನನ್ನನ್ನು ಮೊದಲು ಸರಿಯಾಗಿ ನೋಡಿದವರು ಯಾರು ಎಂಬುದನ್ನು ಕೇಳಿದರೆ ತಮಗೇ ತಿಳಿಯುತ್ತದೆ. ಆ ವರ್ಷ ಪಕ್ಕದ ಊರಿನ ಬಸದಿಯಲ್ಲಿ ಸನ್ಯಾಸಿನಿಯಾದ ಒಬ್ಬ ಮಾತಾಜಿಯವರ ಮಳೆಗಾಲದ ಚಾತುರ್ಮಾಸ ನಡೆದಿತ್ತು. ದೀಕ್ಷೆಯ ಮಾತು ಎತ್ತಲು ತವನಪ್ಪನವರು ನನ್ನನ್ನು ಅಲ್ಲಿಗೆ ಚಕ್ಕಡಿಯಲ್ಲಿ ಕರೆದೊಯ್ದರು. ಅತ್ತೆ, ಕೂಸು, ಧರಣೇಂದ್ರ ಎಲ್ಲ ಜೊತೆಗೆ. ಮಾತಾಜಿ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಗಂಡಸರನ್ನು ಹೊರಗೆ ಕಳಿಸಿ, ನನ್ನನ್ನು ಹತ್ತಿರ ಕೂಡಿಸಿಕೊಂಡರು.

"ನಿದ್ದಿ ಬರ್ತೈತೇನವಾ?"

"ಇಲ್ರಿ."

"ಹಸಿವು?"

"ಇಲ್ರಿ."

"ಕೂಸಿನ ಮಾರಿ ನೋಡಿದಾಗ ಏನ ಅನಸ್ತೈತಿ?"

"ಏನೂ ಅನಸೂದಿಲ್ರಿ."

ಮಾತಾಜಿ ಅತ್ತೆಯ ಕಡೆಗೆ ತಿರುಗಿ ಹೇಳಿದರು. "ಏನೂ ಅನಸದ ಇರೂದಕ್ಕ ವೈರಾಗ್ಯ ಅನ್ನೂದಿಲ್ಲವಾ. ನಾ ಮನಿ ಬಿಡೂವಾಗ ನನಗ ಭಾಳ ಅನಸಿತ್ತು. ನಮ್ಮವ್ವ ಅತ್ತದ್ದು ಇನ್ನೂ ಕಿವ್ಯಾಗ ಐತಿ. ನಾವು ಒಂದ ಹೊತ್ತ ಉಂಡರೂ ಹಸದ ಉಣ್ತೀವಿ, ನೆಲದ ಮ್ಯಾಲ ಮಲಗಿದರೂ ನಿದ್ದಿ ಮಾಡ್ತೀವಿ. ಈ ಹುಡಿಗಿಗೆ ಬ್ಯಾನಿ ಆಗೇತಿ. ದೀಕ್ಷಾದ ಮಾತ ಬಿಡ್ರಿ, ಡಾಕ್ಟರ ಕಡೆ ಕರಕೊಂಡ ಹೋಗ್ರಿ." ಹೊರಗೆ ಬಂದ ಅತ್ತೆ ಈ ಮಾತನ್ನು ಹೇಳಿದಾಗ ತವನಪ್ಪನವರು ಒಪ್ಪಲಿಲ್ಲ. ಇದು ಮಾತಾಜಿಯವರು ನನ್ನನ್ನು ಪರೀಕ್ಷೆ ಮಾಡುವ ರೀತಿ ಎಂದರು. ಆದರೂ ಅಪ್ಪಣೆ ಅಪ್ಪಣೆಯೇ. ಡಾಕ್ಟರಲ್ಲಿಗೆ ಹೋಗಲೇಬೇಕು ಎಂದು ಚಕ್ಕಡಿಯನ್ನು ತಮ್ಮ ದವಾಖಾನೆಯ ಕಡೆಗೆ ತಿರುಗಿಸಿದರು.

ಈಗ ತಮ್ಮ ಸರದಿ. ತಾವು ಮೊದಲು ನೋಡಿದ್ದು ಕೂಸನ್ನು. ಅದರ ತೊಡೆಯ ಮಡಿಕೆ ಹಿಂಡಿ ನೋಡಿದಿರಿ, ತೂಗಿದಿರಿ, ಸಿಸ್ಟರನ್ನು ಕರೆದು ತೋರಿಸಿದಿರಿ. ಧರಣೇಂದ್ರ ಹೆಚ್ಚು ಮಾತಿನವರಲ್ಲ. ಆದರೂ ಅಂದು ಧೈರ್ಯ ಮಾಡಿ, "ಕೂಸಲ್ರೀ, ಇಕೀನ ನೋಡ್ರಿ. ಮಾತಾಡವಲ್ಳು, ಉಣವಲ್ಳು. ಬ್ಯಾನಿ ಐತಿ ಅಂತ ಮಾತಾಜಿ ಹೇಳಿ ಕಳಿಸ್ಯಾರ" ಎಂದರು. ತಾವು ಬೇನೆ ಎಂಬ ಮಾತನ್ನು ಬಿಟ್ಟು ಮಾತಾಜಿ ಎಂಬ ಮಾತನ್ನು ಹಿಡಿದಿರಿ. ತವನಪ್ಪನವರು ದೀಕ್ಷೆಯ ವಿಚಾರವನ್ನೆಲ್ಲ ವಿವರಿಸಿದರು. ಆಗಲೇ ತಾವು ಎದ್ದು ನಿಂತದ್ದು. "ನೋಡಿ, ಇದು ಧಾರ್ಮಿಕ ವಿಚಾರ. ಸರ್ಕಾರಿ ನೌಕರನಾಗಿ ನಾನು ಇದರಲ್ಲಿ ತಲೆ ಹಾಕೋಕಾಗಲ್ಲ. ಇಷ್ಟು ಚಿಕ್ಕ ವಯಸ್ಸಿಗೆ ಇಂಥ ಸಂಸ್ಕಾರ ಬರೋದು ಪುಣ್ಯ" ಎಂದು ನನಗೆ ಕೈಮುಗಿದಿರಿ. ನನ್ನ ನಾಡಿ ಹಿಡಿಯಲಿಲ್ಲ. ಕಣ್ಣಿನ ರೆಪ್ಪೆ ಎತ್ತಿ ನೋಡಲಿಲ್ಲ. ಸನ್ಯಾಸಿನಿಯವರು ಇದು ಬೇನೆ ಎಂದು ತಮ್ಮಲ್ಲಿಗೆ ಕಳಿಸಿದರೆ, ಡಾಕ್ಟರು ಇದು ವೈರಾಗ್ಯ ಎಂದು ವಾಪಸು ಕಳಿಸಿದರು. ನಾನು ಇಂದಿಗೂ ಯೋಚಿಸುತ್ತೇನೆ: ಅಂದು ತಮ್ಮಿಬ್ಬರಲ್ಲಿ ವೈದ್ಯರು ಯಾರು? ಬಾಗಿಲು ದಾಟುವಾಗ ತಾವು ಸಿಸ್ಟರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಈ ಮಗುವಿನ ಹೆಸರನ್ನು ಸ್ಪರ್ಧೆಗೆ ಬರೆದುಕೊಳ್ಳಿ.

ಬಹುಮಾನ ಬಂತು. ಶಾಮಿಯಾನ, ಮೈಕು, ಬೆಲೂನು. ಸ್ಟೀಲಿನ ಡಬ್ಬಿ ಮತ್ತು ಒಂದು ಪೌಡರಿನ ಡಬ್ಬಿ. "ಒಬ್ಬ ತಾಯಿ ಮನಸ್ಸು ಮಾಡಿದರೆ ಎಂಥ ಆರೋಗ್ಯವಂತ ಮಗುವನ್ನು ಬೆಳೆಸಬಹುದು ಎಂಬುದಕ್ಕೆ ಈ ತಾಯಿಯೇ ಸಾಕ್ಷಿ" ಎಂದು ತಾವು ಹೇಳಿದಿರಿ. ನಾನು ಮಗನನ್ನು ಎತ್ತಿಕೊಂಡು ಎಷ್ಟೋ ದಿನವಾಗಿತ್ತು. ಅವನನ್ನು ಅತ್ತೆ ಎತ್ತಿಕೊಂಡಿದ್ದರು, ನನ್ನನ್ನು ಧರಣೇಂದ್ರ ಹಿಡಿದುಕೊಂಡಿದ್ದರು. ಅವನ ತೊಡೆಯ ಮೇಲಿನ ಮಡಿಕೆಗಳೆಲ್ಲ ಬೇಗಂಬಿಯ ಹಾಲು. ಬೇಗಂಬಿಯೂ ಮಗಳನ್ನು ಕರೆತಂದಿದ್ದಳು. ಎರಡು ಕೂಸಿಗೆ ಒಂದೇ ಎದೆ ಹಂಚಿಹೋಗಿ ಅವಳ ಹುಡುಗಿ ತೆಳ್ಳಗಿತ್ತು. ತಮ್ಮ ಸಿಸ್ಟರ್ ತಕ್ಕಡಿ ನೋಡಿ ಎಲ್ಲರೆದುರಿಗೆ ಅವಳನ್ನು ಗದರಿದರು: "ಕೂಸಿಗೆ ಹೊಟ್ಟಿತುಂಬ ಹಾಲ ಕುಡಸಾಕ ಏನ ಧಾಡಿ ನಿನಗ? ಇವರನ್ನ ನೋಡಿ ಕಲಿ." ಎಂದು ನನ್ನ ಕಡೆ ಬೆರಳು ತೋರಿಸಿದರು. ಬೇಗಂಬಿ ಏನೂ ಅನ್ನಲಿಲ್ಲ. ಅವಳು ಒಂದೇ ಒಂದು ಮಾತು ಆಡಿದ್ದರೆ ಆ ಡಬ್ಬಿ ಅವಳದಾಗುತ್ತಿತ್ತು, ಆದರೆ ನಮ್ಮ ಮನೆಯ ಮರ್ಯಾದೆ ಹೋಗುತ್ತಿತ್ತು. ಇದನ್ನು ಬರೆಯುವಾಗ ಇಂದಿಗೂ ನನಗೆ ಸಿಟ್ಟು ಬರುತ್ತದೆ, ಸಾಹೇಬರೇ. ಸಿಟ್ಟು ಬರುವುದು ಆರೋಗ್ಯದ ಲಕ್ಷಣ ಎಂದು ಆಮೇಲೆ ತಿಳಿಯಿತು.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಎದ್ದು ಹೊಳೆಯ ಕಡೆಗೆ ನಡೆದೆ. ಕೃಷ್ಣೆ ನಮ್ಮ ಊರಿನ ಬುಡದಲ್ಲೇ ಹರಿಯುತ್ತಾಳೆ. ಯಾಕೆ ಹೊರಟೆ ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ, ತಿರುಗಿ ಬರುವ ವಿಚಾರ ನನಗಿರಲಿಲ್ಲ. ಕೂಸು ತೊಟ್ಟಿಲಲ್ಲಿ ಮಲಗಿತ್ತು. ನಮ್ಮೂರಲ್ಲಿ ಎಮ್ಮೆ ಒಂಟಿಯಾಗಿ ಹೊರಟರೂ, ಎಲ್ಲಿ ಹೊಂಟಿ ಎಂದು ಕೇಳುತ್ತಾರೆ. ಅಂದು ನನ್ನನ್ನು ಯಾರೂ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ಎದುರು ಬಂದವರು ದಾರಿ ಬಿಟ್ಟು ಕೈಮುಗಿದರು. ಸಾಧ್ವಿ ಸ್ನಾನಕ್ಕೆ ಹೊರಟಿದ್ದಾಳೆ ಎಂದುಕೊಂಡರಂತೆ. ಇಡೀ ಊರು ಮರ್ಯಾದೆಯಿಂದ ನನ್ನನ್ನು ಹೊಳೆಯ ತನಕ ಬೀಳ್ಕೊಟ್ಟಿತು.

ದಂಡೆಯಲ್ಲಿ ಬೇಗಂಬಿ ಕೌದಿ ಒಗೆಯುತ್ತಿದ್ದಳು. ತಲೆ ಎತ್ತಿ ನೋಡಿ, "ಎಲ್ಲಿ ಹೊಂಟಿ ಬೇ?" ಎಂದಳು.

ನಿಂತೆ.

"ಕೇಳಾಕತ್ತೇನಿ. ಎಲ್ಲಿ ಹೊಂಟಿ?" ಮತ್ತೆ ಕೇಳಿದಳು. ನನ್ನ ಮುಖ ನೋಡಿ ಅವಳಿಗೆ ಏನು ತಿಳಿಯಿತೋ, ನೀರಿನಿಂದ ಎದ್ದು ಬಂದಳು. ತೊಯ್ದ ಕೌದಿಯ ಒಂದು ಚುಂಗನ್ನು ನನ್ನ ಕೈಗೆ ಕೊಟ್ಟಳು. "ಒಬ್ಬಾಕಿ ಕಡಿಂದ ಹಿಂಡಾಕ ಆಗೂದಿಲ್ಲ. ಹಿಡಿ. ಬಿಗ್ಯಾಗಿ ಹಿಡಿ." ಹಿಡಿದೆ. ಅವಳು ಆ ಕಡೆ ತಿರುವಿದಳು, ನಾನು ಈ ಕಡೆ ತಿರುವಿದೆ. ಕೌದಿ ಹಿಂಡಿ ಮುಗಿಯುವಷ್ಟರಲ್ಲಿ ನನಗೆ ಅಳು ಬಂತು. ಬೇಗಂಬಿ ನನ್ನನ್ನು ರಟ್ಟೆ ಹಿಡಿದು ಮನೆಗೆ ತಂದು, ಮುಂಬಾಗಿಲಿನಿಂದಲೇ ಒಳಗೆ ಬಂದು, ಪಡಸಾಲೆಯಲ್ಲಿ ಕೂತಿದ್ದ ಧರಣೇಂದ್ರರಿಗೆ ಹೇಳಿದಳು. "ನಾಳಿ ಇಕೀನ ಮಿರಜಿಗೆ ಒಯ್ಯೋ ಅಣ್ಣಾ. ನೀ ಒಯ್ಯಾವ ಅಲ್ಲಂದ್ರ ಹೇಳ, ನಾ ಒಯ್ತೀನಿ."

ಮಿರಜಿನ ದೊಡ್ಡ ದವಾಖಾನೆಯಲ್ಲಿ ಇದ್ದದ್ದು ಒಬ್ಬ ಹೆಣ್ಣು ಡಾಕ್ಟರು, ಡಾಕ್ಟರ ಬಾಯಿ. ಧರಣೇಂದ್ರ ಕೂಸನ್ನು ಮುಂದೆ ಮಾಡಿದರು, ರೂಢಿಯಾಗಿಬಿಟ್ಟಿತ್ತಲ್ಲ. ಆಕೆ ಕೂಸನ್ನು ಸರಿಸಿ ನನ್ನ ಕೈ ಹಿಡಿದು, "ಬಾಳಾಚಂ ನಾಹೀ, ತುಝಂ ವಿಚಾರತೇ" ಎಂದರು. ಮಗುವಿನದಲ್ಲ, ನಿನ್ನದು ಕೇಳುತ್ತಿದ್ದೇನೆ. ಮಾತಾಜಿ ಕೇಳಿದ್ದನ್ನೇ ಈಕೆಯೂ ಕೇಳಿದರು, ಒಂದು ಮಾತು ಮರಾಠಿಯಲ್ಲಿ, ಒಂದು ಮಾತು ಕನ್ನಡದಲ್ಲಿ. ಹೆತ್ತ ಮೇಲೆ ಎಷ್ಟೋ ಹೆಂಗಸರಿಗೆ ಮನಸ್ಸಿನ ಬೇನೆ ಆಗುತ್ತದೆ, ಇದಕ್ಕೆ ಔಷಧ ಇದೆ, ನೀನು ಕೆಟ್ಟ ತಾಯಿಯಲ್ಲ ಎಂದರು. ಗುಳಿಗೆ ಕೊಟ್ಟರು. ಮೊದಲು ನಿದ್ದೆ ಬಂತು, ಆಮೇಲೆ ನಿಧಾನಕ್ಕೆ ಉಳಿದದ್ದು. ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಅತ್ತೆಯ ಜೊತೆ ಜಗಳ ತೆಗೆದೆ. ಅತ್ತೆ ಅಳುತ್ತ ಹೋಗಿ ಧರಣೇಂದ್ರರಿಗೆ ಹೇಳಿದರು, ಅವರು ಓಡಿ ಹೋಗಿ ಪೇಢೆ ತಂದು ಓಣಿಗೆಲ್ಲ ಹಂಚಿದರು. ಅಂದು ಮಗನನ್ನು ಎತ್ತಿಕೊಂಡೆ. ಭಾರ ಇದ್ದ. ನನ್ನವನು ಅನಿಸಿತು. ತಾಯ್ತನದ ಆನಂದದ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ, ಅದೂ ಏಳನೆಯ ತಿಂಗಳಿಗೆ, ಪರರಾಜ್ಯದ ಗುಳಿಗೆಯಿಂದ.

ಹೌದು, ಪರರಾಜ್ಯ. ನಮ್ಮ ಈ ಹಳ್ಳಿಗಳು ತಮ್ಮವೆಂದು ಎರಡು ರಾಜ್ಯಗಳು ನಾನು ಹುಟ್ಟುವ ಮುಂಚಿನಿಂದ ಕಿತ್ತಾಡುತ್ತಿವೆ. ಬೋರ್ಡಿಗೆ ಡಾಂಬರು ಬಳಿಯುತ್ತಾರೆ, ಬಸ್ಸಿಗೆ ಕಲ್ಲು ಹೊಡೆಯುತ್ತಾರೆ. ಇಷ್ಟು ಪ್ರೀತಿ ಇರುವ ಮಂದಿ ನಮ್ಮ ಬಾಣಂತಿಯರ ಮೇಲೂ ಒಮ್ಮೆ ಹಕ್ಕು ಸಾಧಿಸಬಾರದೇ? ನಿದ್ದೆ ಬರುತ್ತದೆಯೇ ಎಂದು ಕೇಳಿಸಿಕೊಳ್ಳಲು ಒಬ್ಬ ಹೆಂಗಸು ಗಡಿ ದಾಟಬೇಕು ಎಂದರೆ ಆ ಗಡಿ ಯಾರಿಗಾಗಿ?

ಮಂಗಲ ತವನಪ್ಪನವರ ಕಿರಿಯ ಸೊಸೆ. ಹದಿನೈದು ದಿನಗಳ ಹಿಂದೆ ಆ ಮುದುಕರು ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ನಾನು ವಾಸಿಯಾದ ಮೇಲೆ ಅವರು ನನ್ನೊಡನೆ ಮಾತು ಬಿಟ್ಟಿದ್ದರು. ಮೋಕ್ಷದ ದಾರಿ ಬಿಟ್ಟು ಪಲ್ಯದ ಉಪ್ಪಿಗೆ ಇಳಿದವಳು ಎಂಬ ಬೇಸರ. ಕಟ್ಟೆಯ ಮೇಲೆ ಕೂತು, "ಸುಂದರಾ, ನಮ್ಮ ಮಂಗಲ ನಿನ್ನಂಗ ಮಾಡಾಕತ್ತಾಳ. ಮಂದಿ ಮತ್ತ ಅದನ್ನ ಅನ್ನಾಕತ್ತಾರ. ನನಗ ಈ ಸಲ ಅದು ವೈರಾಗ್ಯ ಅನಸವಲ್ದು. ನೀ ಒಮ್ಮಿ ಬಂದ ನೋಡವಾ" ಎಂದರು. ಹೋಗಿ ನೋಡಿದೆ. ದವಾಖಾನೆಗೆ ಒಯ್ಯಿರಿ ಎಂದು ನಾನೇ ಹೇಳಿದೆ. ಇಷ್ಟು ವರ್ಷವಾಗಿದೆ, ಡಾಕ್ಟರಿಗೂ ಬುದ್ಧಿ ಬಂದಿರುತ್ತದೆ ಎಂದುಕೊಂಡೆ. ಶಾಸ್ತ್ರದ ಹೊರತು ಬೇರೇನೂ ಓದದ ಮುದುಕರು ತಮ್ಮ ತಪ್ಪು ತಿದ್ದಿಕೊಂಡಿದ್ದಾರೆ. ಬಡ್ತಿ ಸಿಕ್ಕದ್ದು ತಮಗೆ.

ಆದ್ದರಿಂದ ನನ್ನ ಬೇಡಿಕೆ. ತಕ್ಕಡಿಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿ, ಅದರಲ್ಲಿ ತಾಯಿಯನ್ನು ಕೂಡಿಸಿ. ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ, ಬದುಕು ಬೇಡ ಅನಿಸುತ್ತದೆಯೇ ಎಂದು ಕೇಳಲು ಒಬ್ಬರನ್ನು ಇಡಿ. ಕೇಳಿದ ಮೇಲೆ ಉತ್ತರ ಬರುವ ತನಕ ಅವರು ಸುಮ್ಮನಿರಬೇಕು, ಬಹಳ ಹೊತ್ತು ಹಿಡಿಯಬಹುದು. ಮನಸ್ಸಿನ ಬೇನೆ ನೋಡುವ ಡಾಕ್ಟರೊಬ್ಬರನ್ನು ವಾರಕ್ಕೊಮ್ಮೆ ತಾಲೂಕಿನ ದವಾಖಾನೆಗೆ ಕರೆಸಿ. ಇದಕ್ಕೆ ಶಾಮಿಯಾನ ಬೇಕಾಗಿಲ್ಲ, ಬೆಲೂನೂ ಬೇಕಾಗಿಲ್ಲ.

ಮಂಗಲ ಅಲ್ಲಿಯ ತನಕ ಕಾಯಲಾರಳು. ಮಿರಜಿನ ಡಾಕ್ಟರ ಬಾಯಿಯವರ ಅಪಾಯಿಂಟಮೆಂಟು ಸಿಕ್ಕಿರುವುದು ಶನಿವಾರವೇ. ಅಲ್ಲಿಯ ತನಕ ನಾನೂ ಬೇಗಂಬಿಯೂ ಸರದಿಯ ಮೇಲೆ ಅವಳ ಮಗ್ಗುಲಲ್ಲಿ ಕೂರುತ್ತಿದ್ದೇವೆ. ಬಾವಿಗೆ ತವನಪ್ಪನವರು ಹಲಗೆ ಮುಚ್ಚಿಸಿ ತಾವೇ ಮೇಲೆ ಕೂತಿದ್ದಾರೆ. ಶನಿವಾರ ಬೆಳಿಗ್ಗೆ ನಾವು ಬಸ್ಸಿನಲ್ಲಿರುತ್ತೇವೆ, ಕೂಸೂ ನಮ್ಮ ಜೊತೆಗೆ. ತಾವು ವೇದಿಕೆಯಲ್ಲಿ ಮೊದಲ ಬಹುಮಾನ ಬಂದ ಕೂಸಿನ ಹೆಸರು ಕೂಗುತ್ತೀರಿ, ಯಾರೂ ಎದ್ದು ಬರುವುದಿಲ್ಲ. ಇನ್ನೊಮ್ಮೆ ಕೂಗಿ. ಆಗಲೂ ಯಾರೂ ಬರದಿದ್ದರೆ, ದಯವಿಟ್ಟು ಎರಡನೆಯ ಹೆಸರಿಗೆ ಹೋಗಬೇಡಿ. ಮೈಕು ಕೈಯಲ್ಲಿರುವಾಗಲೇ, ಅಷ್ಟು ಮಂದಿಯ ಮುಂದೆ, ಇದರ ತಾಯಿ ಎಲ್ಲಿ ಎಂದು ಕೇಳಿ.

ಇಂತಿ,
ತಾವು ನಾಡಿ ಹಿಡಿಯದೆ ಕೈಮುಗಿದು ಕಳಿಸಿದ ಹಳೆಯ ರೋಗಿ, ಸದ್ಯ ಜೀವಂತ,
ಸುಂದರಾ ಧರಣೇಂದ್ರ
ಜುಗೂಳ, ನವೆಂಬರ್ ೧೯೯೨